ಪೇಟೆಯ ಬಾವಿ, ಬದಿಯಡ್ಕದ ಸುರಂಗ

ಹೆಂಡತಿಗೆ ಕಾಸರಗೋಡಿನಲ್ಲಿ ಕೆಲಸ ಸಿಕ್ಕಿದ್ದರಿಂದ ಸಾಗರದ ಮನೆಗೆ ಬೀಗ ಹಾಕಿ, ಅಮ್ಮನನ್ನೂ ಐದನೇ ತರಗತಿಯ ಮಗಳನ್ನೂ ಕರೆದುಕೊಂಡು ಈ ಕಡೆ ಬಂದು ಎರಡು ವರ್ಷವಾಯಿತು. ಮೊದಲ ವರ್ಷ ಪೇಟೆಯಲ್ಲಿ, ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದಾದ ಬಾಡಿಗೆ ಮನೆಯಲ್ಲಿದ್ದೆವು. ಎರಡನೆಯ ವರ್ಷ ಬದಿಯಡ್ಕದ ಸಮೀಪ, ಅಡಿಕೆ ತೋಟದ ಅಂಚಿನ ಹಂಚಿನ ಮನೆಗೆ ಬಂದೆವು. ಎರಡರಲ್ಲೂ ಒಂದೊಂದು ಮಳೆಗಾಲ, ಒಂದೊಂದು ಬೇಸಿಗೆ ಕಳೆದ ಮೇಲೆ ಬರೆಯುತ್ತಿದ್ದೇನೆ.

ಓಡಾಟದ ಅನುಕೂಲದಲ್ಲಿ ಪೇಟೆಗೆ ಸಾಟಿಯಿಲ್ಲ. ಅಮ್ಮನ ಹೃದಯದ ತಪಾಸಣೆಗೆ ಮಂಗಳೂರಿಗೆ ಹೋಗಬೇಕಾದಾಗ ಬೆಳಗಿನ ರೈಲು ಹತ್ತಿದರೆ ಸಾಕಿತ್ತು. ಬದಿಯಡ್ಕದಿಂದ ಬಸ್ಸಿನಲ್ಲಿ ಕುಂಬಳೆಗಿಳಿದು, ಅಲ್ಲಿಂದ ರಾಜ್ಯದ ಗಡಿಯ ತಲಪಾಡಿ ದಾಟುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಹೆಂಡತಿಗೂ ಈಗ ಚೆರ್ಕಳದ ದಾರಿಯಾಗಿ ದಿನವೂ ಸುಮಾರು ಎರಡು ಗಂಟೆಯ ಬಸ್ ಪ್ರಯಾಣವಿದೆ, ಆ ಬಗ್ಗೆ ಆಕೆ ನನ್ನಷ್ಟು ಉದಾರವಾಗಿ ಬರೆಯಲಾರಳು.

ಆದರೆ ನೀರು ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಸಾಗರದ ಮಳೆ ಕಂಡ ನಮಗೆ, ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ನೀರಿನ ಚಿಂತೆ ಬಂದೀತೆಂಬ ಕಲ್ಪನೆಯೇ ಇರಲಿಲ್ಲ. ಪೇಟೆಯ ಮನೆಯ ಬಾವಿ ಆಗಸ್ಟಿನಲ್ಲಿ ಕೈಗೆಟುಕುವಂತೆ ತುಂಬಿತ್ತು; ಏಪ್ರಿಲ್ ಬರುವಷ್ಟರಲ್ಲಿ ನೀರು ತಳ ಕಂಡದ್ದಷ್ಟೇ ಅಲ್ಲ, ಸಮುದ್ರ ಹತ್ತಿರವಿದ್ದುದರಿಂದ ಉಪ್ಪೂ ಆಗಿ, ಬೇಳೆ ಬೇಯದಂತಾಯಿತು. ಮೇ ತಿಂಗಳಿಡೀ ಟ್ಯಾಂಕರಿನವನ ಫೋನಿಗೆ ಕಾದೆವು.

ಬದಿಯಡ್ಕದ ಮನೆಗೆ ನೀರು ಬರುವುದು ಸುರಂಗದಿಂದ. ಗುಡ್ಡೆಯ ಬದಿಯಿಂದ ಮುರಕಲ್ಲನ್ನು, ಅಂದರೆ ನಮ್ಮ ಸಾಗರದ ಜಂಬಿಟ್ಟಿಗೆಯನ್ನು, ಅಡ್ಡಲಾಗಿ ಕೊರೆಯುತ್ತ ಒಬ್ಬ ಮನುಷ್ಯ ಮಾತ್ರ ನಡೆಯಬಹುದಾದ ಕಿರುದಾರಿ ಮಾಡುತ್ತಾರೆ; ಮಳೆಗಾಲದಲ್ಲಿ ಗುಡ್ಡೆ ಹೀರಿದ ನೀರು ಅದರೊಳಗೆ ಒಸರಿ, ತನ್ನಿಂದ ತಾನೇ ಹೊರಗೆ ಹರಿಯುತ್ತದೆ. ಹಿಂದೆ ಅದನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೆ ತರುತ್ತಿದ್ದರಂತೆ, ಈಗ ಕರಿಯ ಪೈಪಿದೆ. ಪಂಪೂ ಬೇಡ, ಕರೆಂಟೂ ಬೇಡ. ಮೇ ತಿಂಗಳಲ್ಲಿ ಧಾರೆ ಕಿರುಬೆರಳಿಗಿಂತ ಸಣ್ಣದಾಯಿತು, ಬಟ್ಟೆ ಒಗೆಯುವುದನ್ನು ವಾರಕ್ಕೆರಡು ದಿನಕ್ಕಿಳಿಸಿದೆವು. ಆದರೂ ರಾತ್ರಿಯಿಡೀ ಹರಿದು ಬೆಳಗ್ಗೆ ಟಾಂಕಿ ತುಂಬಿರುತ್ತಿತ್ತು. ನೀರು ಸಿಹಿಯಾಗಿತ್ತು.

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದು ನಮಗೆ ಪಾಠಪುಸ್ತಕದ ಸಂಗತಿಯಾಗಿತ್ತು. ಪೇಟೆಯಲ್ಲಿ ಅದು ದಿನದ ಅನುಭವವಾಯಿತು. ಅಲ್ಲೂ ಕನ್ನಡ ಮಾಧ್ಯಮದ ತರಗತಿಗಳಿದ್ದರೂ ಮಕ್ಕಳ ಆಟ, ಆಟೋದವರ ಮಾತು, ಬಸ್ಸಿನ ಬೋರ್ಡು ಬಹುತೇಕ ಮಲಯಾಳವೇ. ಮಗಳು ಮೂರೇ ತಿಂಗಳಲ್ಲಿ ಕಲಿತಳು, ಅಮ್ಮನಿಗೆ ಮಾತ್ರ ಅಂಗಡಿಗೆ ಹೋಗಲೂ ಮೊಮ್ಮಗಳು ಜೊತೆಗೆ ಬೇಕಾಯಿತು. ಬದಿಯಡ್ಕದ ಪೇಟೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿಗಳ ನಡುವೆ ಕನ್ನಡಕ್ಕೆ ಎಲ್ಲಿಯೂ ತಡೆಯಿಲ್ಲ. ಮೇಲಾಗಿ ಅಡಿಕೆಯಿತ್ತು: ಸಾಗರದಲ್ಲಿ ಹೆಚ್ಚಾಗಿ ಹಸಿಗಾಯಿ ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ, ಇಲ್ಲಿ ಹಣ್ಣಡಿಕೆಯನ್ನು ತಿಂಗಳಿಗೂ ಮಿಕ್ಕಿ ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುತ್ತಾರೆ. ಯಾವುದು ಲೇಸೆಂಬ ಚರ್ಚೆಯಲ್ಲೇ ಅಮ್ಮನಿಗೂ ನೆರೆಮನೆಯವರಿಗೂ ಸ್ನೇಹ ಬೆಳೆಯಿತು.

ತಿರುಗಾಟಕ್ಕೆ ಪೇಟೆಯಿಂದ ಬೇಕಲ ಕೋಟೆ ಹತ್ತಿರ. ಕಟ್ಟಿಸಿದವನು ಇಕ್ಕೇರಿಯ ಶಿವಪ್ಪ ನಾಯಕನೆಂದು ತಿಳಿದಾಗ, ಇಕ್ಕೇರಿ ನಮ್ಮ ತಾಲ್ಲೂಕಿನದೇ ಆದ್ದರಿಂದ, ಮಗಳು ಟಿಕೆಟ್ ಏಕೆ ಕೊಳ್ಳಬೇಕೆಂದು ವಾದಿಸಿದಳು. ಬದಿಯಡ್ಕಕ್ಕೆ ಬಂದ ಮೇಲೆ ಪೊಸಡಿ ಗುಂಪೆ ಗುಡ್ಡ ಹತ್ತಿದೆವು, ಸರೋವರದ ನಡುವಿನ ಅನಂತಪುರ ದೇವಸ್ಥಾನಕ್ಕೂ ಹೋದೆವು. ಆ ಸರೋವರದಲ್ಲಿದ್ದ ಹೆಸರಾಂತ ಮೊಸಳೆ ಬಬಿಯಾ 2022ರಲ್ಲೇ ತೀರಿಕೊಂಡಿತ್ತು. ಭಾನುವಾರಗಳ ಮಟ್ಟಿಗೆ ನನ್ನ ಒಲವು ಈಗಲೂ ಬೇಕಲದ ಕಡೆಗೇ.

ಸದ್ಯಕ್ಕೆ ಬದಿಯಡ್ಕದಲ್ಲೇ ಉಳಿದಿದ್ದೇವೆ. ಹೆಂಡತಿಯ ಬಸ್ ಪ್ರಯಾಣವನ್ನು ನೆನೆದರೆ ಮತ್ತೆ ಪೇಟೆಯ ಕಡೆ ಮನೆ ನೋಡಬೇಕಾಗಬಹುದು. ಆಗ ಏಪ್ರಿಲಿನಲ್ಲಿ ಹೋಗಿ, ಬಾವಿಯ ನೀರನ್ನು ಒಂದು ಲೋಟ ಕುಡಿದು ನೋಡದೆ ಮುಂಗಡ ಕೊಡುವುದಿಲ್ಲ.