ಸಾವಿರ ಗಜದ ಬಿಸಿಲುಗುದುರೆ: ಆರು ವರ್ಷ ಬಳಸಿದ ಸ್ಕೋಪುಗಳು

ಅಂಗಡಿಯೊಳಗೆ ನಿಂತು ನೋಡಿದರೆ ಕೋವಿಯ ಮೇಲೆ ಕೂರಿಸುವ ದುರ್ಬೀನುಗಳು, ಅಂದರೆ ಸ್ಕೋಪುಗಳು, ದುಬಾರಿಯದ್ದೆಲ್ಲ ಚೆನ್ನಾಗಿಯೇ ಕಾಣುತ್ತವೆ. ರಸ್ತೆಯಾಚೆಗಿನ ಬೋರ್ಡಿನ ಅಕ್ಷರ ಫಳಫಳ ಅನ್ನುತ್ತದೆ. ನನ್ನ ಮೊದಲ ಸ್ಕೋಪನ್ನು ನಾನು ಹಾಗೇ ಆರಿಸಿದ್ದು. ಆಮೇಲೆ ಅಮೆರಿಕದ ಅರಿಝೋನಾದ ಮೇ ತಿಂಗಳ ಬಿಸಿಲಲ್ಲಿ, 1000 ಗಜದ ಗುರಿಯ ಮುಂದೆ ಬೋರಲು ಮಲಗಿ ಅದರಲ್ಲಿ ಕಣ್ಣಿಟ್ಟೆ. ಗುರಿಹಲಗೆ ಹರಿಯುವ ನೀರಿನ ಅಡಿಯಲ್ಲಿಟ್ಟ ತಟ್ಟೆಯ ಹಾಗೆ ಅಲುಗಾಡುತ್ತಿತ್ತು. ಕಪ್ಪು ಎಲ್ಲಿ ಮುಗಿಯುತ್ತದೆ, ಬಿಳಿ ಎಲ್ಲಿ ಶುರುವಾಗುತ್ತದೆ ಅನ್ನುವುದೇ ಗೊತ್ತಾಗಲಿಲ್ಲ. ಸ್ಕೋಪಿನ ನಿಜವಾದ ಪರೀಕ್ಷೆ ಅಂಗಡಿಯಲ್ಲಿ ನಡೆಯುವುದಿಲ್ಲ ಅಂತ ಅವತ್ತು ತಿಳಿಯಿತು.

ನಾನು ಹುಟ್ಟಿದ್ದು ಕೊಡಗಿನಲ್ಲಿ. ಕೈಲ್ ಪೊಳ್ದ್ ಹಬ್ಬಕ್ಕೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವನು. ಅಲ್ಲಿ ಸ್ಕೋಪ್ ಅನ್ನುವ ಮಾತೇ ಇರಲಿಲ್ಲ. ಕೋವಿ, ಕಣ್ಣು, ಉಸಿರು, ಅಷ್ಟೇ. ಈಗ ಫೀನಿಕ್ಸ್ ಊರಿನ ಉತ್ತರಕ್ಕಿರುವ ಬೆನ್ ಏವರಿ ರೇಂಜಿನಲ್ಲಿ ಎಫ್-ಟಿಆರ್ ವರ್ಗದಲ್ಲಿ ಹೊಡೆಯುತ್ತೇನೆ, ಅಂದರೆ ಮಲಗಿಕೊಂಡು, ಸ್ಕೋಪ್ ಹಾಕಿದ ಕೋವಿಯಿಂದ ದೂರದ ಗುರಿಗೆ ಹೊಡೆಯುವ ಆಟ. ಪ್ರತಿ ಫೆಬ್ರುವರಿಯಲ್ಲಿ ಬರ್ಗರ್ ಸೌತ್‌ವೆಸ್ಟ್ ನ್ಯಾಷನಲ್ಸ್ ಅನ್ನುವ ದೂರಗುರಿಯ ಪಂದ್ಯ ನಡೆಯುವ ಜಾಗ ಅದು.

ಈ ಆಟದ ಲೆಕ್ಕ ಗೊತ್ತಿಲ್ಲದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಎಫ್-ಟಿಆರ್‌ನಲ್ಲಿ .308 ಅಥವಾ .223 ಗುಂಡು ಮಾತ್ರ. ಕೋವಿ, ಅದರ ಎರಡು ಕಾಲಿನ ಆಸರೆ (ಬೈಪಾಡ್), ಸ್ಕೋಪ್ ಎಲ್ಲ ಸೇರಿ 8.25 ಕಿಲೋ ದಾಟುವ ಹಾಗಿಲ್ಲ. 1000 ಗಜದಲ್ಲಿ ಹತ್ತು ಅಂಕದ ವೃತ್ತ 10 ಇಂಚು ಅಗಲ. ಅದರೊಳಗೆ ನಟ್ಟನಡುವಿನ ಎಕ್ಸ್ ವೃತ್ತ 5 ಇಂಚು. ಗುರಿ ಸರಿಸಲು ಸ್ಕೋಪಿನ ಮೇಲೊಂದು ತಿರುಗಿಸುವ ಗುಬುಟು ಇರುತ್ತದೆ, ಅದು ಟರೆಟ್. ಅದರ ಅಳತೆ ಎಂಓಎ, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಒಂದು ಕ್ಲಿಕ್ ಅಂದರೆ ಎಂಓಎಯ ಎಂಟನೇ ಒಂದು ಭಾಗ, ಆ ದೂರಕ್ಕೆ ಸುಮಾರು 1.3 ಇಂಚು. ಪಕ್ಕದಿಂದ ಗಂಟೆಗೆ ಒಂದೇ ಒಂದು ಮೈಲಿ ವೇಗದ ಗಾಳಿ ಬಂದರೂ ನನ್ನ .308 ಗುಂಡು 7 ಇಂಚು ಆಚೀಚೆ ಹೋಗುತ್ತದೆ. ನಡುವಿಗೆ ಗುರಿ ಇಟ್ಟಿದ್ದರೆ ಹತ್ತರ ವೃತ್ತ ತಪ್ಪಿತು ಅಂತಲೇ ಲೆಕ್ಕ.

ಆ ಮೊದಲ ಸ್ಕೋಪಿನ ಕಂಪನಿಯ ಹೆಸರು ಬೇಡ. ಬೆಲೆ ಕಡಿಮೆಯೇನೂ ಇರಲಿಲ್ಲ. ಆರು ತಿಂಗಳಾದ ಮೇಲೆ ನನ್ನ ಅಂಕಗಳು ಕಾರಣವಿಲ್ಲದೆ ಏರುಪೇರಾದವು. ಗಾಳಿ ಓದುವುದು ನನಗೆ ಬರುತ್ತಿಲ್ಲ ಅಂದುಕೊಂಡೆ. ಕೊನೆಗೆ ರೇಂಜಿನ ಒಬ್ಬ ಹಿರಿಯರು 100 ಗಜದಲ್ಲಿ ಎತ್ತರದ ಕಾಗದ ನೇತುಹಾಕಿಸಿದರು. ದಾರಕ್ಕೆ ತೂಗುಗುಂಡು ಕಟ್ಟಿ ನೆಟ್ಟಗೆ ಗೆರೆ ಎಳೆದೆವು. ಕೆಳಗೊಂದು ಗುಂಡು ಹೊಡೆದು, ಮೇಲಕ್ಕೆ 30 ಎಂಓಎ ತಿರುಗಿಸಿ ಇನ್ನೊಂದು ಹೊಡೆಯಬೇಕು. ಎರಡರ ನಡುವೆ 31.4 ಇಂಚು ಇರಬೇಕು. ನನ್ನದು ಮುಕ್ಕಾಲು ಇಂಚು ಕಡಿಮೆ ಬಂತು. ವಾಪಸ್ ಸೊನ್ನೆಗೆ ತಿರುಗಿಸಿದರೆ ಹಳೆಯ ಜಾಗಕ್ಕೂ ಸರಿಯಾಗಿ ಬರಲಿಲ್ಲ. ನೋಟ ಎಷ್ಟೇ ಚಂದ ಇದ್ದರೂ ಹೇಳಿದಷ್ಟು ಸರಿಯದ ಸ್ಕೋಪ್ ಗುರಿಯಾಟಕ್ಕೆ ಬೇಡ. ಯಾವ ಬೆಲೆಯದ್ದೇ ತಗೊಳ್ಳಿ, ಯಾವ ಬ್ರ್ಯಾಂಡೇ ಇರಲಿ, ಈ ಪರೀಕ್ಷೆ ಮಾಡದೆ ಪಂದ್ಯಕ್ಕೆ ಹೋಗಬೇಡಿ. ಒಂದು ಬೆಳಿಗ್ಗೆ, ಹತ್ತು ಗುಂಡು ಸಾಕು.

ಅದನ್ನು ತೆಗೆದು ಹಾಕಿದ್ದು ನೈಟ್‌ಫೋರ್ಸ್ ಕಾಂಪಿಟಿಷನ್ 15-55x52. ಹೆಸರಿನ 15-55 ಅಂದರೆ ಚಿತ್ರ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು, 52 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ನಾಲ್ಕು ವರ್ಷ ಇದೇ ನನ್ನ ಕೋವಿಯ ಮೇಲಿತ್ತು. ತೂಕ 790 ಗ್ರಾಂ ಆಸುಪಾಸು. 8.25 ಕಿಲೋ ಮಿತಿಯೊಳಗೆ ಭಾರದ ಬ್ಯಾರಲ್ ಬೇಕು ಅನ್ನುವವರಿಗೆ ಇದು ದೊಡ್ಡ ವರ. ಸ್ಕೋಪಿನಲ್ಲಿ ಉಳಿಸಿದ ಗ್ರಾಂಗಳನ್ನು ಬ್ಯಾರಲಿಗೆ ಕೊಡಬಹುದು ಅಲ್ವಾ? ಟರೆಟ್ ಒಂದು ಸುತ್ತಿಗೆ 10 ಎಂಓಎ. ಕ್ಲಿಕ್ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ಎಣಿಸಿಕೊಂಡೇ ತಿರುಗಿಸಬಹುದು, ತಲೆ ಎತ್ತಬೇಕಾಗಿಲ್ಲ. ಮೇಲೆ ಕೆಳಗೆ ಒಟ್ಟು 55 ಎಂಓಎ ಓಡಾಟ ಇದೆ. ನೂರರಿಂದ ಸಾವಿರ ಗಜಕ್ಕೆ ನನಗೆ 30ರಷ್ಟು ಬೇಕು. ನಡುವಿನಿಂದ ಶುರು ಮಾಡಿದರೆ ಮೇಲಕ್ಕೆ ಸಿಗುವುದು ಅದರ ಅರ್ಧ ಮಾತ್ರ. ಹಾಗಾಗಿ ಸ್ಕೋಪ್ ಕೂರಿಸುವ ಪಟ್ಟಿ, ಅಂದರೆ ರೈಲ್, ಸಪಾಟಾಗಿದ್ದರೆ ಸಾಲದು, 20 ಎಂಓಎ ಓರೆ ಇರುವ ರೈಲ್ ಹಾಕಲೇಬೇಕು. ನಾಲ್ಕು ವರ್ಷದಲ್ಲಿ ಬ್ಯಾರಲ್ ಸವೆದು ಬದಲಾಯಿತು, ಸ್ಕೋಪಿನ ಸೊನ್ನೆ ಮಾತ್ರ ಕದಲಲಿಲ್ಲ. ಎತ್ತರದ ಕಾಗದದ ಪರೀಕ್ಷೆಯಲ್ಲಿ ಪ್ರತಿ ಸಲವೂ ಪಾಸು. ನಾನು ಕೊಟ್ಟ ದುಡ್ಡು 2,300 ಡಾಲರ್ ಸುಮಾರು. ಒಂದೊಂದು ಡಾಲರೂ ಸಾರ್ಥಕ.

ಎರಡು ವರ್ಷದಿಂದ ಅದರ ಜಾಗದಲ್ಲಿ ಮಾರ್ಚ್-ಎಕ್ಸ್ 10-60x56 ಹೈ ಮಾಸ್ಟರ್ ಇದೆ. ಜಪಾನಿನ ನಾಗಾನೋ ಪ್ರಾಂತ್ಯದ ಡಿಯಾನ್ ಅನ್ನುವ ಕಂಪನಿ ಮಾಡುವುದು. ಇದರಲ್ಲಿ ಬಣ್ಣ ಚದುರುವುದನ್ನು ತಗ್ಗಿಸುವ ಸೂಪರ್ ಇಡಿ ಗಾಜು ಇದೆ ಅಂತ ಓದಿ ತಗೊಂಡೆ. ಬೆಲೆ ನೈಟ್‌ಫೋರ್ಸಿನ ಸುಮಾರು ಒಂದೂವರೆ ಪಟ್ಟು. ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಯಾವ ಗಾಜೂ ಬಿಸಿ ಗಾಳಿಯನ್ನು ಮಾಯ ಮಾಡುವುದಿಲ್ಲ. ನೆಲ ಕಾದಾಗ ಅದರ ಮೇಲಿನ ಗಾಳಿ ತೆಳುವಾಗುತ್ತದೆ, ಬೆಳಕು ಬಾಗುತ್ತದೆ, ಚಿತ್ರ ನಡುಗುತ್ತದೆ. ಅದು ಸ್ಕೋಪಿನ ಹೊರಗೆ ಆಗುವ ಕೆಲಸ. ಆದರೆ ನಡುಗುವ ಚಿತ್ರದ ಅಂಚಿಗೆ ನೇರಳೆ, ಹಸಿರು ಬಣ್ಣ ಸೋರಿದರೆ ಕಣ್ಣಿಗೆ ಎರಡು ಪಟ್ಟು ಕಷ್ಟ. ಈ ಗಾಜಿನಲ್ಲಿ ಅಂಚು ನಡುಗಿದರೂ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ನಡುವೆ ಒಂದೊಂದು ಕ್ಷಣ ಚಿತ್ರ ನಿಲ್ಲುತ್ತದೆ, ಆ ಕ್ಷಣವನ್ನು ಹಿಡಿಯಬಹುದು. ಬಿಸಿಲು ಏರಿದ ಮೇಲೆ ಮೊದಲು 25ಕ್ಕೆ ಇಳಿಸುತ್ತಿದ್ದೆ, ಈಗ 40ರಲ್ಲಿ ಇಟ್ಟು ಹೊಡೆಯುತ್ತೇನೆ. 60ರಲ್ಲಿ ಇಡುವುದು ಚಳಿಗಾಲದ ಬೆಳಗಿನ ಮೊದಲ ಸರದಿಗೆ ಮಾತ್ರ. ಅಷ್ಟು ಹಿಗ್ಗಿಸಿದಾಗ ಕಣ್ಣಿಗೆ ಬರುವ ಬೆಳಕಿನ ಕಂಬಿ ಒಂದು ಮಿಲಿಮೀಟರಿಗಿಂತ ತೆಳು. 56 ಅನ್ನು 60ರಿಂದ ಭಾಗಿಸಿ ನೋಡಿ. ಕೆನ್ನೆ ಚೂರು ಸರಿದರೂ ಚಿತ್ರ ಕಪ್ಪಾಗುತ್ತದೆ.

ಹಾಗಾದರೆ ಅಂಕ ಎಷ್ಟು ಏರಿತು? ಒಳ್ಳೆಯ ದಿನದಲ್ಲಿ ಏನೂ ಏರಲಿಲ್ಲ. ಕೆಟ್ಟ ಬಿಸಿಲಿನ ದಿನ 20 ಗುಂಡಿಗೆ ಒಂದೋ ಎರಡೋ ಅಂಕ. ಎಫ್-ಟಿಆರ್ ಆಡುವವರಿಗೆ ಆ ಒಂದೆರಡು ಅಂಕ ಏನು ಅಂತ ಗೊತ್ತು. ಹೊಸಬರಿಗೆ ಮಾತ್ರ ನಾನು ಹೇಳುವುದು, ಆ ಹೆಚ್ಚಿನ ದುಡ್ಡಿಗೆ ಗುಂಡು ತಗೊಂಡು ಅಭ್ಯಾಸ ಮಾಡಿ.

ಈಗ ಸ್ಪಾಟಿಂಗ್ ಸ್ಕೋಪ್, ಅಂದರೆ ಕೋವಿಯ ಪಕ್ಕದಲ್ಲಿ ಸ್ಟ್ಯಾಂಡಿನ ಮೇಲಿಟ್ಟು ನೋಡುವ ದುರ್ಬೀನು. ಇದರ ಬಗ್ಗೆ ಹೊಸಬರಲ್ಲಿ ಒಂದು ತಪ್ಪು ಕಲ್ಪನೆ ಇದೆ. ಗುಂಡಿನ ತೂತು ನೋಡಲಿಕ್ಕೆ ಅಂತ 95 ಮಿಲಿಮೀಟರಿನದ್ದು, 70 ಪಟ್ಟಿನದ್ದು ಹುಡುಕುತ್ತಾರೆ. ನಮ್ಮ ಪಂದ್ಯದಲ್ಲಿ ತೂತು ನೋಡುವ ಅಗತ್ಯವೇ ಇಲ್ಲ. ಗುರಿಯ ಕೆಳಗಿನ ಪಿಟ್‌ನಲ್ಲಿ ಜನ ಕೂತಿರುತ್ತಾರೆ. ಒಂದೊಂದು ಗುಂಡಿಗೂ ಹಲಗೆ ಇಳಿಸಿ, ತೂತಿಗೆ ಬಿಲ್ಲೆ ಸಿಕ್ಕಿಸಿ ಮೇಲೆತ್ತುತ್ತಾರೆ. ಆ ಬಿಲ್ಲೆ ಕೋವಿಯ ಸ್ಕೋಪಿನಲ್ಲೇ ಕಾಣುತ್ತದೆ. ಸ್ಪಾಟಿಂಗ್ ಸ್ಕೋಪ್ ಬೇಕಾಗುವುದು ಬಿಸಿಲುಗುದುರೆ ಓದಲಿಕ್ಕೆ. ಫೋಕಸ್ಸನ್ನು ಗುರಿಯ ಮೇಲಿಡದೆ ಅರ್ಧ ದಾರಿಗೆ ಎಳೆದುಕೊಳ್ಳಬೇಕು. ಆಗ ಗುರಿ ಮಸುಕಾಗುತ್ತದೆ, ಗಾಳಿಯ ಅಲೆ ಎದ್ದು ಕಾಣುತ್ತದೆ. ಕುದುರೆ ಎಡದಿಂದ ಬಲಕ್ಕೆ ಓಡಿದರೆ ಗಾಳಿಯೂ ಹಾಗೇ. ಓಟ ಜೋರಾದಷ್ಟೂ ಅಲೆ ಚಪ್ಪಟೆ. ನೆಟ್ಟಗೆ ಮೇಲಕ್ಕೆ ಅನ್ನದ ಎಸರಿನ ಹಾಗೆ ಕುದಿಯುತ್ತಿದ್ದರೆ ಕೈ ತಡೆಯಿರಿ. ಪಕ್ಕದ ಗಾಳಿ ನಿಂತಿದೆ, ದಿಕ್ಕು ಬದಲಾಗಲಿದೆ.

ಈ ಕೆಲಸಕ್ಕೆ ನಾನು ಎರಡನ್ನು ಬಳಸಿದ್ದೇನೆ. ಕೋವಾ ಟಿಎಸ್‌ಎನ್-883 ನನ್ನದು. ಸ್ವರೋವ್‌ಸ್ಕಿ ಎಟಿಎಕ್ಸ್ 85 ನನ್ನ ಗೆಳೆಯನದ್ದು, ಒಂದಿಡೀ ಋತು ಅದಲು ಬದಲು ಮಾಡಿಕೊಂಡೆವು. ಎರಡೂ 25ರಿಂದ 60 ಪಟ್ಟು. ಸ್ವರೋವ್‌ಸ್ಕಿಯ ನೋಟ ವಿಶಾಲ, ಬಣ್ಣ ಇದ್ದದ್ದು ಇದ್ದ ಹಾಗೆ. ಮುಂದಿನ ಗಾಜು ಬಿಚ್ಚಿ 65 ಅಥವಾ 95ರದ್ದು ಹಾಕಿಕೊಳ್ಳಬಹುದು. ಹಕ್ಕಿ ನೋಡುವವನಾಗಿದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳುತ್ತಿದ್ದೆ. ನನ್ನನ್ನು ಕೋವಾದಲ್ಲಿ ಉಳಿಸಿದ್ದು ಅದರ ಫೋಕಸ್ ಗುಬುಟು. ಎರಡಿವೆ, ಒಂದು ಬೇಗ ಓಡಿಸಲಿಕ್ಕೆ, ಇನ್ನೊಂದು ಕೂದಲೆಳೆಯಷ್ಟು ಸರಿಸಲಿಕ್ಕೆ. 600 ಗಜದ ಅಲೆಯಿಂದ 400 ಗಜದ ಅಲೆಗೆ ಬರಬೇಕಾದಾಗ ಆ ಎರಡನೆಯದು ಬಹಳ ಉಪಕಾರಿ. ಮುಂದಿನ ಗಾಜು 88 ಮಿಲಿಮೀಟರ್, ಫ್ಲೋರೈಟ್ ಹರಳಿನದ್ದು. ನಾನು ಇಡುವುದು 30 ಪಟ್ಟಿನಲ್ಲಿ. ಆಗ ಬೆಳಕಿನ ಕಂಬಿ ಹತ್ತಿರ ಹತ್ತಿರ 3 ಮಿಲಿಮೀಟರ್. ಅರ್ಧ ಗಂಟೆ ನೋಡಿದರೂ ಕಣ್ಣು ದಣಿಯುವುದಿಲ್ಲ. 60ಕ್ಕೆ ಹೋಗಿದ್ದು ಆರು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ.

ಐಪೀಸ್, ಅಂದರೆ ಕಣ್ಣಿಡುವ ತುದಿ, ಓರೆ ಇರುವ ಮಾದರಿಯನ್ನೇ ತಗೊಳ್ಳಿ. ಮಲಗಿ ಹೊಡೆಯುವವರಿಗೆ ನೇರದ್ದು ಕುತ್ತಿಗೆ ನೋವು. ಕ್ಯಾಮೆರಾ ಟ್ರೈಪಾಡ್ ಬಿಟ್ಟು ಕಂಬಿಯ ಸ್ಟ್ಯಾಂಡ್ ಹಾಕಿಕೊಂಡು, ಐಪೀಸನ್ನು ಎಡಗಣ್ಣಿನ ಪಕ್ಕಕ್ಕೆ ತಂದುಕೊಳ್ಳಿ. ಮೈ ಕದಲಬಾರದು, ತಲೆ ಮಾತ್ರ ಸರಿಯಬೇಕು. ಸ್ಕೋಪಿನ ಬೆಲೆಯ ಮುಂದೆ ಈ ಸ್ಟ್ಯಾಂಡ್ ಅಗ್ಗದ ಸಾಮಾನು, ನನ್ನ ಆಟಕ್ಕೆ ಗಾಜಿನಷ್ಟೇ ಸಹಾಯ ಮಾಡಿದೆ.

ಇನ್ನೊಂದು ಚಿಕ್ಕ ವಿಷಯ. ಹತ್ತು ಗುಂಡಾದ ಮೇಲೆ ಚಿತ್ರ ಕದಡಲು ಶುರುವಾದರೆ ಸುಮ್ನೆ ಸ್ಕೋಪ್ ಬದಲಿಸಬೇಡಿ. ಬಿಸಿಯಾದ ಬ್ಯಾರಲಿನಿಂದ ಏಳುವ ಗಾಳಿ ಸ್ಕೋಪಿನ ಮೂತಿಯ ಮುಂದೆಯೇ ಹಾಯುತ್ತಿರುತ್ತದೆ. ಬ್ಯಾರಲಿನ ಉದ್ದಕ್ಕೂ ಒಂದು ಅಗಲ ಪಟ್ಟಿ ಕಟ್ಟಿದರೆ ಅದು ಪಕ್ಕಕ್ಕೆ ಸರಿಯುತ್ತದೆ.

ಬೆಂಗಳೂರಿನಿಂದ ನನ್ನ ತಮ್ಮನ ಮಗ ಮೊನ್ನೆ ಕೇಳಿದ, ದೊಡ್ಡಪ್ಪ, ನಾನು 50 ಮೀಟರ್ ಪ್ರೋನ್ (ಮಲಗಿ ಹೊಡೆಯುವುದು) ಶುರು ಮಾಡಿದ್ದೇನೆ, ಯಾವ ಸ್ಕೋಪ್ ತಗೊಳ್ಳಲಿ ಅಂತ. ಕೋವಿಯ ಮೇಲೆ ಯಾವುದೂ ಬೇಡ ಮಗಾ ಅಂದೆ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಡೆಸುವ ರೈಫಲ್ ಪಂದ್ಯಗಳಲ್ಲಿ ಸ್ಕೋಪಿಗೆ ಅನುಮತಿಯೇ ಇಲ್ಲ, ಸಣ್ಣ ತೂತಿನ ಮೂಲಕ ಗುರಿ ನೋಡುವ ಸೈಟ್ ಮಾತ್ರ. ಕಾಗದದ ಗುರಿಯಲ್ಲಿ ಅಭ್ಯಾಸ ಮಾಡುವಾಗ .22ರ ತೂತು ನೋಡಲು 60 ಮಿಲಿಮೀಟರಿನ ಸಾಧಾರಣ ಸ್ಪಾಟಿಂಗ್ ಸ್ಕೋಪ್ ಧಾರಾಳ ಆಯಿತು. ಎಲೆಕ್ಟ್ರಾನಿಕ್ ಗುರಿ ಇರುವ ಕಡೆ ಅದೂ ಬೇಕಾಗಿಲ್ಲ. ಉಳಿದ ದುಡ್ಡಲ್ಲಿ ಮೈಗೆ ಸರಿಯಾಗಿ ಹೊಂದುವ ಜಾಕೆಟ್ ಹೊಲಿಸಿಕೋ ಅಂತ ಹೇಳಿದ್ದೇನೆ.