ಅಪ್ಪಯ್ಯನ ಶುಗರ್ರು, ಅಪ್ಪಯ್ಯನ ಕಿವಿ: ನಾವು ಮಾಡಿ ನೋಡಿದ ಐದು ದಾರಿ

ನಮ್ಮ ಅಪ್ಪಯ್ಯಂಗೆ 76, ಶುಗರ್ ಬಂದು 17 ವರ್ಷ ಆಯ್ತು, ಬಿಪಿ ಮಾತ್ರೆ ಬೇರೆ, ಆರೇಳು ವರ್ಷದಿಂದ ಕಿವಿನೂ ಮಂದ. ತೀರ್ಥಹಳ್ಳಿ ಹತ್ರ ತೋಟದ ಮನೆ, ಡಾಕ್ಟರ್ ಇರೋದು ಶಿವಮೊಗ್ಗದಲ್ಲಿ, ಮೂರು ತಿಂಗಳಿಗೊಂದ್ಸಲ ಮಂಡಗದ್ದೆ, ಗಾಜನೂರು ದಾಟಿ ಹೋಗಿಬರೋದು. ಹೋದ ವರ್ಷ ಡಾಕ್ಟರ್ ರಾತ್ರಿ ಇನ್ಸುಲಿನ್ 16 ಇದ್ದಿದ್ದನ್ನ ಹದಿನಾಲ್ಕಕ್ಕೆ ಇಳ್ಸಿ ಅಂದ್ರು, ಅಪ್ಪಯ್ಯ ತಲೆ ಆಡ್ಸಿದ್ರು, ನಾನು ಹೊರಗೆ ಬಿಲ್ ಕಟ್ತಾ ಇದ್ದೆ. ಅವ್ರಿಗೆ ಕೇಳಿದ್ದು ಹದಿನೆಂಟು. ಚೀಟಿಲಿ ಸರಿಯಾಗೇ ಇತ್ತು, ಆದ್ರೆ ಆ ಇರುವೆ ಅಕ್ಷರ ಅವ್ರ ಕಣ್ಣಿಗೆ ಕಾಣಲ್ಲ, ನಾನೂ ಬಿಚ್ಚಿ ನೋಡ್ಲಿಲ್ಲ.

ಮೂರನೇ ರಾತ್ರಿ ಎರಡೂವರೆಗೆ ಅಮ್ಮ ಕೂಗಿದ್ರು. ಬನೀನು ಬೆವರಿಗೆ ಪೂರ್ತಿ ಒದ್ದೆ, ಕೈ ನಡುಗ್ತಿದೆ, ಮಾತು ತೊದಲ್ತಿದೆ, ಗ್ಲುಕೋಮೀಟರ್‌ನಲ್ಲಿ 54. 70ಕ್ಕಿಂತ ಕೆಳಗೆ ಬಂತು ಅಂದ್ರೇ ಲೋ ಶುಗರ್. ಮೂರು ಚಮಚ ಸಕ್ರೆ ನೀರಲ್ಲಿ ಕಲಸಿ ಕುಡ್ಸಿದ್ವಿ, 15 ನಿಮಿಷ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡಿದ್ರೆ 83 ಬಂತು, ಆಮೇಲೆ ಒಂದಿಷ್ಟು ಗಂಜಿ. ಆ 15 ನಿಮಿಷ ನಾನು ಇವತ್ತಿಗೂ ಮರ್ತಿಲ್ಲ.

ಕೂಗಿ ಹೇಳೋದು ಎಲ್ಲಾ ಮನೆಲೂ ಇರೋದೇ, ನಾವೂ ವರ್ಷಗಟ್ಲೆ ಅದ್ನೇ ಮಾಡಿದ್ವಿ. ವಯಸ್ಸಿಂದ ಬರೋ ಕಿವುಡಲ್ಲಿ ಮೊದ್ಲು ಹೋಗೋದು ಸಣ್ಣ ಚೂಪು ಸದ್ದು, ಅಂದ್ರೆ ಸ, ಶ, ಕ, ತ ಥರದ ಅಕ್ಷರ. ದಪ್ಪ ಸದ್ದು ಕೇಳ್ತಾ ಇರುತ್ತೆ, ಅದಕ್ಕೇ ಅವ್ರು "ಕೇಳುತ್ತೆ ಮಾರಾಯ, ಏನು ಅಂತ ಗೊತ್ತಾಗಲ್ಲ" ಅನ್ನೋದು. ನಾವು ಕೂಗಿದಷ್ಟೂ ಆ, ಈ, ಓ ಮಾತ್ರ ದೊಡ್ಡದಾಗುತ್ತೆ, ಹದಿನಾಲ್ಕು ಹದಿನೆಂಟು ಎಲ್ಲಾ ಬರೀ "ಹದಿನ" ಆಗಿಬಿಡುತ್ತೆ. ಅದೂ ಅಲ್ದೆ ಕೂಗೋ ಮುಖ ಬೈಯೋ ಮುಖದ ಥರಾನೇ ಕಾಣುತ್ತೆ, ಪಾಪ ಅವ್ರು ಎದ್ದು ಕೊಟ್ಟಿಗೆ ಕಡೆ ಹೋಗ್ಬಿಡ್ತಿದ್ರು. ಎದುರಿಗೆ ಕೂತು, ನಮ್ಮ ಮುಖಕ್ಕೆ ಬೆಳಕು ಬೀಳೋ ಹಂಗೆ, ನಿಧಾನಕ್ಕೆ "ಒಂದು, ನಾಲ್ಕು, ಹದಿನಾಲ್ಕು" ಅಂತ ಬಿಡಿಸಿ ಹೇಳಿದ್ರೆ ಕೂಗೋದಕ್ಕಿಂತ ಎಷ್ಟೋ ವಾಸಿ.

ಆನ್‌ಲೈನಲ್ಲಿ 1,800 ರೂಪಾಯಿಗೆ ಒಂದು ಕಿವಿ ಮಿಷನ್ ತರ್ಸಿದ್ವಿ. ಅದು ಎಲ್ಲಾ ಸದ್ದನ್ನೂ ಒಂದೇ ಸಮ ಏರ್ಸುತ್ತೆ, ಪಾತ್ರೆ ಬಿದ್ರೆ ಅಪ್ಪಯ್ಯ ಬೆಚ್ಚಿ ಬೀಳ್ತಿದ್ರು. ಎಂಟೇ ದಿನ. ದಯವಿಟ್ಟು ತಗೋಬೇಡಿ.

ಟೆಸ್ಟ್ ಮಾಡ್ಸಿ ಹಾಕ್ಸಿದ ಡಿಜಿಟಲ್ ಮಿಷನ್ನಿನ ಕಥೆನೇ ಬೇರೆ. ಮೊದ್ಲು ಇಎನ್‌ಟಿ ಹತ್ರ ಗುಗ್ಗೆ ತೆಗೆಸಿದ್ವಿ, ಆಮೇಲೆ ಆಡಿಯೋಗ್ರಾಮ್, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅನ್ನೋ ಟೆಸ್ಟು, ಯಾವ ಸದ್ದು ಎಷ್ಟು ಹೋಗಿದ್ಯೋ ಅಷ್ಟನ್ನೇ ಏರ್ಸೋ ಹಂಗೆ ಸೆಟ್ ಮಾಡ್ತಾರೆ. ಎಡಗಿವಿ ಒಂದಕ್ಕೇ 22,000 ಆಯ್ತು. ಮೊದಲ ಮೂರು ವಾರ ಬೇಡ ಅಂತ ಹಠ, ಒಂದೂವರೆ ತಿಂಗಳಿಗೆ ಅಭ್ಯಾಸ ಆಯ್ತು, ಈಗ ಮೊಮ್ಮಗಳ ಜೊತೆ ಮಾತು ಮುಗಿಯಲ್ಲ, ಅದನ್ನ ನೋಡಿದ್ರೇ ಕೊಟ್ಟ ದುಡ್ಡು ಸಾರ್ಥಕ. ಆದ್ರೆ ಔಷಧಿ ವಿಷಯಕ್ಕೆ ಅದೊಂದನ್ನೇ ನಂಬಕ್ಕಾಗಲ್ಲ. ಕ್ಲಿನಿಕ್ ತುಂಬ ಗಲಾಟೆ, ಡಾಕ್ಟರ್ ಮಾಸ್ಕ್ ಹಾಕ್ಕೊಂಡು ಕಂಪ್ಯೂಟರ್ ನೋಡ್ತಾ ಮಾತಾಡ್ತಾರೆ, ತುಟಿನೂ ಕಾಣಲ್ಲ. ಮನೇಲಿ ಜುಲೈ ಮಳೆ ತಗಡಿನ ಮೇಲೆ ಹೊಡಿಯೋವಾಗ ಮಿಷನ್ ಆ ಮಳೆನೂ ಸೇರ್ಸಿ ಕೇಳ್ಸುತ್ತೆ. ನಮ್ಮ ಕಡೆ ಥಂಡಿಗೆ ಒಳಗೆ ನೀರಿನ ಪಸೆ ಕೂರೋದೂ ಇದೆ, ರಾತ್ರಿ ಬ್ಯಾಟರಿ ಬಾಗ್ಲು ತೆಗ್ದು ಪಸೆ ಹೀರೋ ಸಿಲಿಕಾ ಜೆಲ್ ಇರೋ ಡಬ್ಬಿಲಿ ಇಡ್ಬೇಕು. ಇನ್ನೊಂದು ಮುಖ್ಯ ಮಾತು, ಶುಗರ್ ಇರೋರಿಗೆ ಕಿವಿ ಒಳಗೆ ಗಾಯ ಆಗಿ ಇನ್ಫೆಕ್ಷನ್ ಆದ್ರೆ ಅದು ಮೂಳೆವರೆಗೂ ಹೋಗಬಹುದು, ಹಾಗಾಗಿ ಮಿಷನ್ನಿನ ಮೋಲ್ಡ್ (ಕಿವಿ ಒಳಗೆ ಕೂರೋ ಭಾಗ) ಉಜ್ಜಿ ಕೆಂಪಾಗಿದ್ಯಾ ಅಂತ ದಿನಾ ನೋಡಿ, ಬೆಂಕಿಕಡ್ಡಿ, ಹೇರ್‌ಪಿನ್ ಹಾಕೋದು ಖಂಡಿತ ಬೇಡ.

ಮಾತಾಡಿದ್ದನ್ನ ಕನ್ನಡದಲ್ಲಿ ಬರ್ದು ತೋರ್ಸೋ ಮೊಬೈಲ್ ಆಪ್ ತಂಗಿ ಹಾಕ್ಕೊಟ್ಲು. ಶಿವಮೊಗ್ಗದಲ್ಲಿ ಚೆನ್ನಾಗೇ ಬರುತ್ತೆ, ನಮ್ಮನೇಲಿ ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಗುತ್ತೆ. ಮಾತ್ರೆ ಹೆಸರನ್ನಂತೂ ಏನೇನೋ ಬರೀತು. ಮಾತ್ರೆ ಹೊತ್ತಿಗೆ ಇಟ್ಟಿದ್ದ ಫೋನ್ ಅಲಾರಾಮೂ ಚೂಪು ಸದ್ದೇ, ಅವ್ರಿಗೆ ಕೇಳ್ತಿರ್ಲಿಲ್ಲ, ಈಗ ಕೈಗೆ ಕಟ್ಟೋ ಬ್ಯಾಂಡು ವೈಬ್ರೇಟ್ ಆಗುತ್ತೆ, ಅದು ಒಂದಿನಾನೂ ತಪ್ಪಿಲ್ಲ.

ಕೊನೆಗೆ ಇನ್ಸುಲಿನ್ ಲೆಕ್ಕಕ್ಕೆ ನಾನು ನಂಬೋದು 200 ಪುಟದ ನೋಟ್‌ಬುಕ್ಕು, ಕಪ್ಪು ಮಾರ್ಕರ್ರು. ಒಂದು ಪುಟಕ್ಕೆ ಒಂದೇ ವಿಷಯ, ಅಂಕಿ ಅಂಗೈಯಷ್ಟು ದಪ್ಪ, ಸೂರ್ಯನ ಚಿತ್ರ ಹಾಕಿದ್ರೆ ಬೆಳಿಗ್ಗೆ, ಚಂದ್ರ ಹಾಕಿದ್ರೆ ರಾತ್ರಿ. "ಗೊತ್ತಾಯ್ತಾ ಅಪ್ಪಯ್ಯ" ಅಂತ ನಾವು ಕೇಳೋದೇ ಬಿಟ್ವಿ, ಯಾಕಂದ್ರೆ ಕೇಳ್ದೇ ಇದ್ರೂ ಅವ್ರು ಹ್ಞೂಂ ಅಂತಾರೆ, ಬೇರೆಯವ್ರ ಎದುರು ಮತ್ತೆ ಮತ್ತೆ ಕೇಳಕ್ಕೆ ಅವ್ರಿಗೆ ಸಂಕೋಚ. ಅದ್ರ ಬದ್ಲು "ಎಷ್ಟು ತಗೋತೀರಿ ಹೇಳಿ" ಅಂತ ಅವ್ರ ಬಾಯಿಂದಾನೇ ಹೇಳ್ಸೋದು. ಡಾಕ್ಟರಿಗೂ ಮೊದ್ಲೇ ಕಿವಿ ವಿಷಯ ಹೇಳಿ, ಚೀಟಿ ಮೇಲೆ ಬರೆಸಿದ್ದೀವಿ.

ಹೋದ ತಿಂಗಳು ಅಪ್ಪಯ್ಯ ಕುರ್ಚಿಲಿ ಕೂರೋ ಮುಂಚೆನೇ ನೋಟ್‌ಬುಕ್ ಬಿಚ್ಚಿ, ಮಾರ್ಕರ್ ಮುಚ್ಚಳ ತೆಗ್ದು ಡಾಕ್ಟರ್ ಕೈಗೆ ಕೊಟ್ರು. ಅವ್ರು ಮಾಸ್ಕ್ ಇಳ್ಸಿ, ಚಂದ್ರನ ಪಕ್ಕ 12 ಅಂತ ಬರೆದ್ರು. "ರಾತ್ರಿ ಹನ್ನೆರಡು, ಊಟಕ್ಕೆ ಮುಂಚೆ" ಅಂತ ಅಪ್ಪಯ್ಯ ಹೊರಗೆ ಕೂತವ್ರಿಗೂ ಕೇಳೋ ಹಂಗೆ ಓದಿ ಹೇಳಿದ್ರು.