ಕರೆಂಟ್ ಹೋಗಿ ಬಂದ ಮೇಲೆ ಮೆಶ್ ವೈಫೈ ‘ಸುಟ್ಟಿದೆ’ ಎಂದರೆ ನಂಬಬೇಡಿ

ರಾಯಚೂರಿನಲ್ಲಿ ಮನೆಗೆ ಮೆಶ್ ವೈಫೈ (ಮನೆಯ ಬೇರೆ ಬೇರೆ ಕಡೆ ಇಟ್ಟ ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಕೊಡುವ ಸೆಟ್; ನಮ್ಮದರಲ್ಲಿ ಮೂರು ಪೆಟ್ಟಿಗೆ) ಹಾಕಿಸಿಕೊಂಡವರೆಲ್ಲರೂ ದಯವಿಟ್ಟು ಇದನ್ನು ಓದಬೇಕು. ಮೇ ತಿಂಗಳ ಗಾಳಿಮಳೆಗೆ ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಬಂದಾಗ ಫೈಬರ್ ಮೋಡೆಮ್ ಸರಿಯಾಗಿಯೇ ಇತ್ತು, ಆದರೆ ಮೆಶ್‌ನ ಮುಖ್ಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಲೇ ಇತ್ತು, ಉಳಿದೆರಡರಲ್ಲೂ ಇಂಟರ್‌ನೆಟ್ ಇರಲಿಲ್ಲ. ಮರುದಿನವೇ ಮಗಳ ಆನ್‌ಲೈನ್ ಪರೀಕ್ಷೆ ಇದ್ದುದರಿಂದ, ಸೆಟ್ ಮಾರಿದ್ದ ಅಂಗಡಿಯಿಂದಲೇ ಹುಡುಗನನ್ನು ಕರೆಸಿದೆ.

ಬಂದವನು ಒಂದು ಮಾತೂ ಕೇಳದೆ, ಜೇಬಿನಿಂದ ಸಿಮ್ ತೆಗೆಯುವ ಪಿನ್ ತೆಗೆದು ಮೂರೂ ಪೆಟ್ಟಿಗೆಗಳ ರಿಸೆಟ್ ತೂತಿಗೆ ಒತ್ತಿ ಹಿಡಿದ. ಹಾಗೆ ಒತ್ತಿದರೆ ನಾವು ಇಟ್ಟ ಹೆಸರು, ಪಾಸ್‌ವರ್ಡ್, ಕನೆಕ್ಷನ್ನಿನ ವಿವರ ಎಲ್ಲವೂ ಅಳಿಸಿಹೋಗುತ್ತವೆ. ಅಳಿಸಿದವನು ಅವನೇ. ಬಳಿಕ ಫೋನನ್ನು ನನ್ನ ಮುಂದೆ ಹಿಡಿದು, “ನೋಡ್ರಿ ಸರ್, ನಿಮ್ಮ ವೈಫೈ ಹೆಸರ ಬರವಲ್ದು, ಮೂರೂ ಬೋರ್ಡ್ ಸುಟ್ಟಾವ್ರಿ” ಎಂದ. ತಾನೇ ಅಳಿಸಿದ್ದನ್ನು ಸುಟ್ಟಿದ್ದಕ್ಕೆ ಸಾಕ್ಷಿಯಾಗಿ ತೋರಿಸಿದ! ಬೋರ್ಡ್ ಪೂರ್ತಿ ಸುಟ್ಟಿದ್ದರೆ ಮೂರೂ ಪೆಟ್ಟಿಗೆಗಳಲ್ಲಿ ದೀಪ ಹೇಗೆ ಉರಿಯುತ್ತಿತ್ತು? ಪರೀಕ್ಷೆಯ ಅವಸರದಲ್ಲಿ ಹೊಸ ಸೆಟ್‌ಗೆ 9,000 ರೂಪಾಯಿ ಕೊಟ್ಟೆ. ಹಳೆಯದನ್ನೂ ಒಯ್ಯಲು ನೋಡಿದ, ನಮ್ಮ ಮನೆಯವರು ಬಿಡಲಿಲ್ಲ.

ಆ ಭಾನುವಾರ ಸಿಂಧನೂರಿನಿಂದ ಬಂದ ಅಕ್ಕನ ಮಗ ಹಳೆಯ ಸೆಟ್ಟನ್ನು ಜೋಡಿಸಿ, ಕನೆಕ್ಷನ್ನಿನ ವಿವರ ಮತ್ತೆ ತುಂಬಿದ. ಮೂರೂ ಕೆಲಸ ಮಾಡಿದವು. ಮೂರೂ! ಕರೆಂಟ್ ಬಂದಾಗ ಮೋಡೆಮ್ ಲೈನ್ ಹಿಡಿಯಲು ಕೆಲವು ನಿಮಿಷ ಬೇಕಾಗುತ್ತದೆ. ಅಷ್ಟರೊಳಗೆ ಎದ್ದ ಮೆಶ್ ಪೆಟ್ಟಿಗೆ ಇಂಟರ್‌ನೆಟ್ ಸಿಗದೆ ಕೆಲವೊಮ್ಮೆ ಹಾಗೆಯೇ ನಿಂತುಬಿಡುತ್ತದೆ, ಆದದ್ದು ಇಷ್ಟೇ ಎಂದು ಅವನು ಹೇಳಿದಾಗ ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

ಅಂಗಡಿಯವರಿಗೆ ಫೋನ್ ಮಾಡಿದರೆ, “ಅವತ್ತು ನಡೀತಿರಲಿಲ್ರಿ, ಈಗ ನಡದ್ರ ನಿಮ್ಮ ಪುಣ್ಯ” ಎಂದರು. ಹೊಸದನ್ನು ವಾಪಸ್ ತೆಗೆದುಕೊಳ್ಳಿ ಎಂದರೆ, “ಬಾಕ್ಸ್ ಒಡದದ್ದು ವಾಪಸ್ ಬರಂಗಿಲ್ರಿ.” ಕೊನೆಗೆ, “ಬಿಲ್ ಐತೇನ್ರಿ?” ಬಿಲ್ ಬದಲು ಬಿಳಿ ಚೀಟಿ ಬರೆದುಕೊಟ್ಟವರೇ ಬಿಲ್ ಕೇಳುತ್ತಾರೆ!

ದಯವಿಟ್ಟು ಯಾರಿಗೂ ಪಿನ್ ಒತ್ತಲು ಬಿಡಬೇಡಿ. ಎಲ್ಲದರ ಪ್ಲಗ್ ತೆಗೆದು ಮೊದಲು ಮೋಡೆಮ್ ಹಾಕಿ, ಅದರ ಪಾನ್ (PON) ದೀಪ, ಅಂದರೆ ಫೈಬರ್ ಲೈನ್ ಸಿಕ್ಕಿದ್ದನ್ನು ತೋರಿಸುವ ದೀಪ, ಮಿನುಗದೆ ಒಂದೇ ಸಮನೆ ಉರಿಯುವವರೆಗೆ ಕಾಯಿರಿ; ಆಮೇಲೆ ಮುಖ್ಯ ಪೆಟ್ಟಿಗೆ, ಅದಕ್ಕೆ ಇಂಟರ್‌ನೆಟ್ ಬಂದ ಮೇಲೆ ಉಳಿದವು. ಯಾವುದಾದರೂ ಒಂದರಲ್ಲಿ ದೀಪವೇ ಬಾರದಿದ್ದರೆ ಅದೇ ಸೆಟ್‌ನ ಇನ್ನೊಂದರ ಅಡಾಪ್ಟರ್ ಹಾಕಿ ನೋಡಿ. ಜಿಎಸ್‌ಟಿ ಬಿಲ್ ಇಲ್ಲದೆ ಹಣ ಕೊಡಬೇಡಿ. ನಾನು ಯುಪಿಐನಲ್ಲಿ ಹಣ ಕೊಟ್ಟ ದಾಖಲೆ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಹಣ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ.